ಅಗೆದಾಗ ಸಿಕ್ಕ ಇದ್ದಿಲಿನ ವಯಸ್ಸು ತಿಳಿಯುವುದು ಹೇಗೆ?

ಬಳ್ಳಾರಿ ಬಳಿಯ ಸಂಗನಕಲ್ಲು, ತೆಕ್ಕಲಕೋಟೆ, ಸುರಪುರ ಸೀಮೆಯ ಬೂದಿಹಾಳ: ಇಂಥ ನವಶಿಲಾಯುಗದ ನೆಲೆಗಳನ್ನು ಅಗೆಯುವಾಗ ಮಡಕೆ ಚೂರು, ಕಲ್ಲಿನ ಕೊಡಲಿ, ದನದ ಮೂಳೆಗಳ ಜೊತೆ ಇದ್ದಿಲಿನ ತುಣುಕುಗಳೂ ಸಿಗುತ್ತವೆ. ಆ ನೆಲೆಯಲ್ಲಿ ಜನ ಯಾವಾಗ ಬದುಕಿದ್ದರು ಎಂದು ಹೇಳಬಲ್ಲ ಸಾಕ್ಷಿಗಳಲ್ಲಿ ಈ ಕಪ್ಪು ತುಣುಕು ಬಲು ಮುಖ್ಯ. ಆದರೆ ಅದು ಬೇಗ ಕೆಡುವ ಸಾಕ್ಷಿಯೂ ಹೌದು. ತಪ್ಪು ಕಾಲನಿರ್ಣಯಗಳಲ್ಲಿ ಬಹುಪಾಲು ಹುಟ್ಟುವುದು ಅಗೆದ ಗುಂಡಿಯಲ್ಲೇ. ಅಲ್ಲಿ ಆದ ತಪ್ಪನ್ನು ಎಷ್ಟೇ ದುಬಾರಿ ಯಂತ್ರವಿದ್ದರೂ ಸರಿಪಡಿಸಲಾಗದು.

ಇದ್ದಿಲಿನಲ್ಲಿ ಉಳಿದಿರುವ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ಹೇಳುವುದೇ ರೇಡಿಯೋಕಾರ್ಬನ್ ಕಾಲನಿರ್ಣಯ. ಮೊದಲು ಅದರ ತತ್ವ. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಾನ್‌ಗಳು ಮೇಲ್ವಾಯುಮಂಡಲದ ಸಾರಜನಕಕ್ಕೆ ಬಡಿದು ಕಾರ್ಬನ್-14 ಉಂಟಾಗುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಸುಮಾರು ಒಂದು ಲಕ್ಷ ಕೋಟಿ ಇಂಗಾಲದ ಪರಮಾಣುಗಳಿಗೆ ಒಂದು. ಮರ ಇದನ್ನು ಗಾಳಿಯಿಂದ ಹೀರಿ ಆ ವರ್ಷದ ಉಂಗುರದಲ್ಲಿ ಕೂಡಿಡುತ್ತದೆ. ಉಂಗುರ ಬೆಳೆದು ಮುಗಿದ ಮೇಲೆ ಹೊಸ ಇಂಗಾಲ ಅದಕ್ಕೆ ಸೇರುವುದಿಲ್ಲ, ಇರುವ ಕಾರ್ಬನ್-14 ಮಾತ್ರ ಕರಗುತ್ತಾ ಹೋಗುತ್ತದೆ. 5730 ವರ್ಷಕ್ಕೆ ಅರ್ಧ, ಮತ್ತೆ ಅಷ್ಟೇ ವರ್ಷಕ್ಕೆ ಉಳಿದದ್ದರ ಅರ್ಧ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಬಹುತೇಕ ಏನೂ ಉಳಿದಿರುವುದಿಲ್ಲ. ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು ಶಿಕಾಗೊದಲ್ಲಿ 1940ರ ದಶಕದ ಕೊನೆಗೆ ಈ ವಿಧಾನವನ್ನು ರೂಪಿಸಿದರು. 1960ರಲ್ಲಿ ಲಿಬ್ಬಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಯಾವ ತುಣುಕನ್ನು ಆರಿಸಬೇಕು

ಪ್ರಯೋಗಾಲಯ ಹೇಳುವುದು ಆ ಉಂಗುರ ಬೆಳೆದ ಕಾಲವನ್ನು. ಒಲೆ ಉರಿದ ಕಾಲ ಬೇರೆಯೇ ಇರಬಹುದು. ಇನ್ನೂರು ವರ್ಷ ಬಾಳಿದ ಮರದ ಚೇಗಿನ ಇದ್ದಿಲು ಸಿಕ್ಕಿದರೆ, ಮರ ಕಡಿದ ದಿನಕ್ಕಿಂತ ಇನ್ನೂರು ವರ್ಷ ಹಿಂದಿನ ಕಾಲ ಬರುತ್ತದೆ. ಅದೇ ಮರ ಮನೆಯ ಕಂಬವಾಗಿ ಎರಡು ಮೂರು ತಲೆಮಾರು ನಿಂತು ಆಮೇಲೆ ಸೌದೆಯಾಗಿದ್ದರೆ ಅಂತರ ಮತ್ತಷ್ಟು ಹಿಗ್ಗುತ್ತದೆ. ಆದ್ದರಿಂದ ಸುಟ್ಟು ಕಪ್ಪಾದ ಕಾಳು ಸಿಕ್ಕರೆ ಅದಕ್ಕೇ ಮೊದಲ ಮಣೆ. ದಕ್ಷಿಣ ದಖ್ಖನ್ನಿನ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳು ಸಿಕ್ಕಿವೆ. ಕಾಳು ಒಂದೇ ಹಂಗಾಮಿನಲ್ಲಿ ಬೆಳೆದದ್ದು, ಹಾಗಾಗಿ ಅದರ ಕಾಲದಲ್ಲಿ ಈ ಗೊಂದಲವಿಲ್ಲ. ಕಾಳಿಲ್ಲದಿದ್ದರೆ ತೊಗಟೆ ಅಂಟಿಕೊಂಡಿರುವ ಸಣ್ಣ ಕಡ್ಡಿ. ಮರದ ತುಂಡನ್ನೇ ಕಳಿಸಬೇಕಾದರೆ ಮೊದಲು ಸೂಕ್ಷ್ಮದರ್ಶಕದಲ್ಲಿ ಜಾತಿ ಗುರುತಿಸಿ, ಹೊರ ಉಂಗುರಗಳನ್ನು ಆರಿಸಿ. ಪರೀಕ್ಷೆಯಲ್ಲಿ ಮಾದರಿ ಉರಿದುಹೋಗುವುದರಿಂದ ಜಾತಿ ಗುರುತಿಸಲು ಇನ್ನೊಂದು ಅವಕಾಶ ಸಿಗದು.

ಜಾಗವೂ ಅಷ್ಟೇ ಮುಖ್ಯ. ಒಲೆಯ ತಳ, ಸುಟ್ಟ ನೆಲದ ಮೇಲಿನ ಪದರ, ಮುಚ್ಚಳ ಹಾಕಿದ ಮಡಕೆಯ ಒಳಗು ಇವು ನಂಬಬಹುದಾದ ಜಾಗಗಳು. ಮಣ್ಣಿನಲ್ಲಿ ಚದುರಿದ ಒಂಟಿ ಚೂರು ಎಲ್ಲಿಂದ ಬಂತೆಂದು ಹೇಳಲಾಗದು. ಎರೆಭೂಮಿಯಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಬೇಸಿಗೆಯಲ್ಲಿ ಎರೆ ಬಾಯಿ ಬಿಟ್ಟಾಗ ಮೇಲಿನ ಇದ್ದಿಲು ಬಿರುಕಿನೊಳಗೆ ಬಿದ್ದು, ಮಳೆಗೆ ಬಿರುಕು ಮುಚ್ಚಿ, ಹಳೆಯ ಪದರದಲ್ಲೇ ಹುಟ್ಟಿದಂತೆ ಕೂತಿರುತ್ತದೆ. ಇಲಿಬಿಲ, ಗೆದ್ದಲಿನ ದಾರಿ, ನಂತರದವರು ತೋಡಿದ ಹಗೇವು ಇವುಗಳಿಂದಲೂ ಹೀಗೆಯೇ ಆಗುತ್ತದೆ. ಮಾದರಿ ತೆಗೆಯುವ ಮುನ್ನ ಗುಂಡಿಯ ಗೋಡೆಯನ್ನು ಕರಣೆಯಿಂದ ನುಣ್ಣಗೆ ಕೆರೆದು, ಮಣ್ಣಿನ ಬಣ್ಣ ಎಲ್ಲಿ ಬದಲಾಗಿದೆ ನೋಡಿ. ಗಟ್ಟಿ ಪದರದ ನಡುವೆ ಸಡಿಲ ಮಣ್ಣಿನ ಪಟ್ಟಿ ಕಂಡರೆ ಅಲ್ಲಿಯ ಇದ್ದಿಲು ಬೇಡ.

ಒಂದು ಮಾತು ಇಲ್ಲೇ ಹೇಳಬೇಕು. ಪುರಾತತ್ವ ನೆಲೆ ಅಗೆಯಲು ಅನುಮತಿ ಬೇಕು. ಬೂದಿದಿಬ್ಬ (ನವಶಿಲಾಯುಗದಲ್ಲಿ ಸಗಣಿ ಸುಟ್ಟು ಉಳಿದ ಬೂದಿಯ ದಿಬ್ಬ) ನೋಡಲು ಹೋದವರು ಕುತೂಹಲಕ್ಕೆ ಕೆದಕಿ ತಂದ ಇದ್ದಿಲಿಗೆ ಪದರವೂ ಇಲ್ಲ, ಅರ್ಥವೂ ಇಲ್ಲ. ಅದರಿಂದ ನೆಲೆ ಹಾಳಾಗುವುದಷ್ಟೇ.

ಎತ್ತುವುದು, ಕಟ್ಟುವುದು

ಸ್ವಚ್ಛ ಲೋಹದ ಚಿಮುಟದಿಂದ ಎತ್ತಿ ಹೊಸ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗಿಡಿ. ಹತ್ತಿ, ಕಾಗದ, ಬಟ್ಟೆ ಯಾವುದೂ ಇದ್ದಿಲಿಗೆ ತಾಗಬಾರದು, ಇವೆಲ್ಲ ಇಂದಿನ ಇಂಗಾಲ. ಚೀಟಿಯನ್ನು ಫಾಯಿಲ್ ಒಳಗೆ ಹಾಕಬೇಡಿ, ವಿವರವನ್ನು ಚೀಲದ ಹೊರಗೆ ಬರೆಯಿರಿ: ನೆಲೆ, ಗುಂಡಿ, ಪದರ, ಆಳ, ದಿನಾಂಕ. ಪುಡಿಯಾಗುತ್ತಿದೆಯೆಂದು ಅಂಟು ಹಚ್ಚಿದರೆ ಮಾದರಿ ಕೆಟ್ಟಂತೆ. ಪೆಟ್ರೋಲಿಯಂನಿಂದ ಬಂದ ಅಂಟಿನಲ್ಲಿ ಕಾರ್ಬನ್-14 ಇರುವುದೇ ಇಲ್ಲ. ಮಾದರಿಯಲ್ಲಿ ಇಂಥ ಸತ್ತ ಇಂಗಾಲ ನೂರಕ್ಕೆ ಒಂದು ಪಾಲು ಉಳಿದರೂ ಕಾಲ 80 ವರ್ಷ ಹಿಂದಕ್ಕೆ ಹೋಗುತ್ತದೆ. ತೇವ ಇದ್ದಿಲನ್ನು ಹಾಗೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಫಾಯಿಲ್ ಸ್ವಲ್ಪ ತೆರೆದು, 60 ಡಿಗ್ರಿ ಮೀರದ ಬಿಸಿಯಲ್ಲಿ ಒಣಗಿಸಿ.

ಎಷ್ಟು ಬೇಕು? ವಿಕಿರಣ ಎಣಿಸುವ ಹಳೆಯ ವಿಧಾನಕ್ಕೆ ಹಲವು ಗ್ರಾಂ ಇದ್ದಿಲು ಬೇಕಿತ್ತು. ಈಗಿನ ಎ.ಎಂ.ಎಸ್. (ಆಕ್ಸಿಲರೇಟರ್ ಮಾಸ್ ಸ್ಪೆಕ್ಟ್ರೋಮೆಟ್ರಿ) ಯಂತ್ರ ಪರಮಾಣುಗಳನ್ನೇ ನೇರ ಎಣಿಸುವುದರಿಂದ ಸುಮಾರು 1 ಮಿಲಿಗ್ರಾಂ ಇಂಗಾಲ ಸಾಕು. ತೊಳೆಯುವಾಗ ಬಹಳಷ್ಟು ಕರಗಿಹೋಗುವುದರಿಂದ 20ರಿಂದ 50 ಮಿಲಿಗ್ರಾಂ ಕಳಿಸುವುದು ಲೇಸು. ತೂಕ ತುಂಬಲೆಂದು ಹತ್ತು ಬೇರೆ ಬೇರೆ ಚೂರು ಕೂಡಿಸಬೇಡಿ. ಬರುವ ಸರಾಸರಿ ಯಾವ ಚೂರಿನದೂ ಆಗಿರುವುದಿಲ್ಲ. ನಮ್ಮಲ್ಲಿ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಗಳಲ್ಲಿ ಎ.ಎಂ.ಎಸ್. ಸೌಲಭ್ಯವಿದೆ.

ಪ್ರಯೋಗಾಲಯದಲ್ಲಿ

ಮೊದಲು ಭೂತಗನ್ನಡಿಯ ಕೆಳಗೆ ಬೇರಿನ ಎಳೆ, ಮಣ್ಣು ಹೆಕ್ಕುತ್ತಾರೆ. ಆಮೇಲೆ ಆಮ್ಲ, ಕ್ಷಾರ, ಮತ್ತೆ ಆಮ್ಲ ಹೀಗೆ ಮೂರು ತೊಳೆತ. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 80 ಡಿಗ್ರಿಗೆ ಬಿಸಿ ಮಾಡಿದರೆ ಮಣ್ಣಿನಿಂದ ಅಂಟಿದ ಸುಣ್ಣ ಬುರುಗೆದ್ದು ಹೋಗುತ್ತದೆ. ಬಳ್ಳಾರಿ ಕಡೆಯ ಸುಣ್ಣದ ಹರಳಿನ ಮಣ್ಣಿಗೆ ಇದು ತಪ್ಪಿಸಲಾಗದ ಹೆಜ್ಜೆ. ನಂತರ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. ಕೊಳೆತ ಎಲೆ, ಬೇರುಗಳಿಂದ ನೀರಿನೊಡನೆ ಇಳಿದು ಬಂದ ಹ್ಯೂಮಿಕ್ ಆಮ್ಲ ಇದರಲ್ಲಿ ಕರಗಿ, ದ್ರಾವಣ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ತಿಳಿಯಾಗುವವರೆಗೂ ಬದಲಿಸುತ್ತಾ ಹೋಗಬೇಕು. ಕಷ್ಟ ಬರುವುದೂ ಇಲ್ಲೇ. ಕ್ಷಾರೀಯ ಮಣ್ಣಿನಲ್ಲಿ ಬಹುಕಾಲ ಇದ್ದು ಹದಗೆಟ್ಟ ಇದ್ದಿಲು ಕ್ಷಾರದಲ್ಲಿ ತಾನೇ ಕರಗತೊಡಗುತ್ತದೆ. ಆಗ ದ್ರಾವಣವನ್ನು ಇನ್ನಷ್ಟು ತೆಳು ಮಾಡಿ, ಹೊತ್ತು ಕಡಿಮೆ ಮಾಡುತ್ತಾರೆ. ಕ್ಷಾರ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿರುತ್ತದೆ, ಅದನ್ನು ಕಳೆಯಲು ಕೊನೆಯ ಆಮ್ಲ.

ತೊಳೆತ ಸಾಲದಿದ್ದರೆ ಏನಾಗುತ್ತದೆ? 3500 ವರ್ಷದ ಇದ್ದಿಲಿನಲ್ಲಿ ನೂರಕ್ಕೆ 5 ಪಾಲು ಇಂದಿನ ಇಂಗಾಲ ಉಳಿದರೆ ವಯಸ್ಸು ಸುಮಾರು 215 ವರ್ಷ ಕಡಿಮೆ ಬರುತ್ತದೆ. 40,000 ವರ್ಷದ ಮಾದರಿಯಲ್ಲಿ ಬರೀ 1 ಪಾಲು ಉಳಿದರೂ 33,000 ಎಂದು ತೋರಿಸುತ್ತದೆ.

ಶುದ್ಧವಾದ ಇದ್ದಿಲನ್ನು ತಾಮ್ರದ ಆಕ್ಸೈಡ್ ಮತ್ತು ಬೆಳ್ಳಿಯ ಜೊತೆ ಗಾಳಿ ತೆಗೆದ ಕ್ವಾರ್ಟ್ಜ್ ನಳಿಗೆಯಲ್ಲಿ 900 ಡಿಗ್ರಿಗೆ ಸುಟ್ಟು ಅನಿಲ ಮಾಡುತ್ತಾರೆ. ಗಂಧಕ, ಕ್ಲೋರಿನ್‌ಗಳನ್ನು ಬೆಳ್ಳಿ ಹಿಡಿದುಕೊಳ್ಳುತ್ತದೆ. ಆ ಅನಿಲ ಕಬ್ಬಿಣದ ಪುಡಿಯ ಮೇಲೆ, ಜಲಜನಕದ ಜೊತೆ, 550ರಿಂದ 600 ಡಿಗ್ರಿಯಲ್ಲಿ ಗ್ರಾಫೈಟ್ ಆಗುತ್ತದೆ. ಎ.ಎಂ.ಎಸ್. ಎಣಿಸುವುದು ಈ ಗ್ರಾಫೈಟನ್ನು. ಕಾರ್ಬನ್-14ರಷ್ಟೇ ತೂಗುವ ಸಾರಜನಕ-14 ಎಣಿಕೆಯನ್ನು ಮುಳುಗಿಸಿಬಿಡಬೇಕಿತ್ತು, ಆದರೆ ಸಾರಜನಕಕ್ಕೆ ಸ್ಥಿರವಾದ ಋಣ ಅಯಾನು (ಋಣ ವಿದ್ಯುದಂಶ ಹೊತ್ತ ಕಣ) ಆಗುವ ಗುಣವಿಲ್ಲ. ಯಂತ್ರ ಋಣ ಅಯಾನುಗಳಿಂದಲೇ ಶುರು ಮಾಡುವುದರಿಂದ ಅದು ಬಾಗಿಲಲ್ಲೇ ಉಳಿಯುತ್ತದೆ. ಈ ಇಡೀ ವಿದ್ಯೆಯಲ್ಲಿ ಇದಕ್ಕಿಂತ ಸೊಗಸಾದ ಭಾಗ ಇನ್ನೊಂದಿಲ್ಲ. ಜೊತೆಗೆ ಕಾರ್ಬನ್-14 ಇಲ್ಲವೇ ಇಲ್ಲದ ಖಾಲಿ ಮಾದರಿಯನ್ನೂ, ಕಾರ್ಬನ್-14 ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಆಕ್ಸಾಲಿಕ್ ಆಮ್ಲದ ಪ್ರಮಾಣಕವನ್ನೂ ಓಡಿಸುತ್ತಾರೆ. ಪ್ರಯೋಗಾಲಯವೇ ಎಷ್ಟು ಇಂಗಾಲ ಬೆರೆಸಿತು ಎಂಬುದು ಖಾಲಿ ಮಾದರಿಯಿಂದ ತಿಳಿಯುತ್ತದೆ.

ಬಂದ ಅಂಕಿಯನ್ನು ಓದುವುದು

ವರದಿಯಲ್ಲಿ 3500±30 ಬಿ.ಪಿ. ಎಂದಿದೆ ಎನ್ನೋಣ. ಬಿ.ಪಿ. ಎಂದರೆ ಬಿಫೋರ್ ಪ್ರೆಸೆಂಟ್, ಇಂದಿಗಿಂತ ಹಿಂದೆ; ಆ ಎಣಿಕೆ 1950ರಿಂದ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ಹಾಗೆಂದು 1950 ಕಳೆದು ಕ್ರಿ.ಪೂ. 1550 ಎಂದು ಬರೆದರೆ ತಪ್ಪಾಗುತ್ತದೆ. ಗಾಳಿಯ ಕಾರ್ಬನ್-14 ಎಲ್ಲ ಕಾಲಕ್ಕೂ ಒಂದೇ ಸಮ ಇರಲಿಲ್ಲ. ಅಲ್ಲದೆ ಈ ಅಂಕಿಯನ್ನು ಇಂದಿಗೂ ಲಿಬ್ಬಿಯ ಹಳೆಯ ಅರ್ಧಾಯು 5568 ಹಿಡಿದೇ ಲೆಕ್ಕ ಹಾಕುವ ರೂಢಿ. ಎರಡನ್ನೂ ಸರಿದೂಗಿಸಲು ಮರದ ಉಂಗುರ ಮುಂತಾದವುಗಳಿಂದ ಕಟ್ಟಿದ, ಬಿ.ಪಿ. ಅಂಕಿಯನ್ನು ನಿಜವಾದ ವರ್ಷಕ್ಕೆ ಹೊಂದಿಸುವ ಇಂಟ್‌ಕಾಲ್20 ವಕ್ರರೇಖೆಗೆ, ಆಕ್ಸ್‌ಕಾಲ್‌ನಂಥ ತಂತ್ರಾಂಶದಲ್ಲಿ ಹಾಕಬೇಕು. ಆಗ ಸುಮಾರು ಕ್ರಿ.ಪೂ. 1900ರಿಂದ 1740 ಎಂದು ಬರುತ್ತದೆ.

ಕ್ರಿ.ಪೂ. 800ರಿಂದ 400ರ ನಡುವೆ ಈ ರೇಖೆ ಹೆಚ್ಚುಕಡಿಮೆ ಚಪ್ಪಟೆ. 2450±30 ಬಂದರೆ ಉತ್ತರ ಮುನ್ನೂರು ವರ್ಷಕ್ಕೂ ಮೀರಿ ಹರಡುತ್ತದೆ. ನಮ್ಮ ಬೃಹತ್ ಶಿಲಾ ಗೋರಿಗಳಲ್ಲಿ ಎಷ್ಟೋ ಇದೇ ಅವಧಿಗೆ ಸೇರಿದವು. ಒಂದೇ ಮಾದರಿಯಿಂದ ಅಲ್ಲಿ ಏನೂ ಇತ್ಯರ್ಥವಾಗದು. ಮೇಲಿಂದ ಕೆಳಗಿನವರೆಗೆ ಹಲವು ಪದರಗಳ ಮಾದರಿ ಕಳಿಸಿ, ಪದರಗಳ ಅನುಕ್ರಮವನ್ನೂ ತಂತ್ರಾಂಶಕ್ಕೆ ತಿಳಿಸಿದರೆ ಅವಧಿ ಕಿರಿದಾಗುತ್ತದೆ.

ಪ್ರಕಟಿಸುವಾಗ ಪ್ರಯೋಗಾಲಯದ ಸಂಖ್ಯೆ, ತಿದ್ದದ ಬಿ.ಪಿ. ಅಂಕಿ, ದೋಷದ ಮಿತಿ, ಮಾದರಿ ಯಾವುದು, ಬಳಸಿದ ವಕ್ರರೇಖೆ ಯಾವುದು ಎಲ್ಲವನ್ನೂ ಕೊಡಿ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ನಡೆಸಿದ ಉತ್ಖನನದ ಇದ್ದಿಲನ್ನು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಳೆದು, ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಶುರುವಾದ ಕಾಲವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದರು. ಟಿ.ಎಫ್.-570, ಟಿ.ಎಫ್.-573 ಎಂಬ ಆ ಸಂಖ್ಯೆಗಳೂ ಮೂಲ ಅಂಕಿಗಳೂ ಅಚ್ಚಾಗಿರುವುದರಿಂದ ಇವತ್ತಿನ ರೇಖೆಗೂ ಅವನ್ನು ಹಾಕಿ ನೋಡಬಹುದು.