ಥೈರಾಯ್ಡ್ ಟೆಸ್ಟ್‌ಗೆ ರಕ್ತ ಕೊಡುವ ಮುಂಚೆ

ಸುಸ್ತು, ಕೂದಲು ಉದುರುವುದು, ಮುಟ್ಟಿನ ಏರುಪೇರು, ಊಟ ಅಷ್ಟೇ ಇದ್ದರೂ ತೂಕ ಏರುವುದು. ಇಷ್ಟು ಹೇಳಿದರೆ ಸಾಕು, "ಒಂದ್ಸಲ ಥೈರಾಯ್ಡ್ ಚೆಕ್ ಮಾಡಿಸು" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಲ್ಯಾಬ್‌ನಲ್ಲಿ "ಥೈರಾಯ್ಡ್ ಟೆಸ್ಟ್" ಅಂತಷ್ಟೇ ಕೇಳಿದರೆ ಸಾಮಾನ್ಯವಾಗಿ ಟಿ3, ಟಿ4, ಟಿಎಸ್‌ಎಚ್ ಮೂರನ್ನೂ ಸೇರಿಸಿ ಬಿಲ್ ಮಾಡುತ್ತಾರೆ. ಟಿ3, ಟಿ4 ಅಂದರೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಮಾಡುವ ಹಾರ್ಮೋನುಗಳು. ಟಿಎಸ್‌ಎಚ್ ಅಂದರೆ ಆ ಗ್ರಂಥಿಗೆ "ಕೆಲಸ ಮಾಡು" ಅಂತ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು, ಥೈರಾಯ್ಡ್ ಮಂದವಾದರೆ ಸಾಮಾನ್ಯವಾಗಿ ಇದು ಏರುತ್ತದೆ, ಅತಿಯಾದರೆ ಇಳಿಯುತ್ತದೆ. ಮೊದಲ ಸಲಕ್ಕೆ ನಿಮಗೆ ಬೇಕಿರುವುದು ಟಿಎಸ್‌ಎಚ್ ಮತ್ತು ಫ್ರೀ ಟಿ4. ಆ "ಫ್ರೀ" ಅನ್ನುವುದನ್ನು ಬಾಯಿಬಿಟ್ಟು ಹೇಳಿ.

ಯಾಕೆ ಅಂದರೆ, ರಕ್ತದಲ್ಲಿರುವ ಟಿ4 ಬಹುಪಾಲು ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ, ಕೆಲಸಕ್ಕೆ ಬರುವುದು ಅಂಟದೆ ಬಿಡಿಯಾಗಿರುವ ಚೂರು ಮಾತ್ರ. ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಆ ಪ್ರೋಟೀನ್ ಜಾಸ್ತಿಯಾಗಿ, ಏನೂ ತೊಂದರೆ ಇಲ್ಲದಿದ್ದರೂ ಒಟ್ಟು ಟಿ4 ಹೆಚ್ಚು ಕಾಣುತ್ತದೆ.

ಈಗ ನಮ್ಮ ಮನೆಯಲ್ಲೇ ಆಗಿದ್ದು. ತಂಗಿಗೆ ಕೂದಲು ವಿಪರೀತ ಉದುರುತ್ತಿತ್ತು. ಮೂರು ತಿಂಗಳಿಂದ ಬಯೋಟಿನ್ (ಕೂದಲಿಗೆ ಅಂತ ತಗೊಳ್ಳುವ ಒಂದು ಬಿ ವಿಟಮಿನ್) ಮಾತ್ರೆ ನುಂಗುತ್ತಿದ್ದಳು, ಡಬ್ಬಿಯ ಮೇಲೆ 10 ಮಿಲಿಗ್ರಾಂ ಅಂತಿತ್ತು. ರಿಪೋರ್ಟ್ ಬಂದಾಗ ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಅಂತ ಅಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲ. ಆದರೆ ತಂಗಿಗೆ ಹಾಗಾದಾಗ ಬರುವ ಎದೆ ಡವಡವ ಇಲ್ಲ, ಕೈನಡುಕ ಇಲ್ಲ, ತೂಕವೂ ಇಳಿದಿಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಕೂದಲಿಗೆ ಏನಾದರೂ ತಗೋತಿದೀಯಾ?" ಮಾತ್ರೆ ನಿಲ್ಲಿಸಿ ವಾರ ಬಿಟ್ಟು ಮತ್ತೆ ಮಾಡಿಸಿದರೆ ಎಲ್ಲಾ ನಾರ್ಮಲ್. ಥೈರಾಯ್ಡ್‌ಗೆ ಏನೂ ಆಗಿರಲಿಲ್ಲ, ಬಯೋಟಿನ್ ಪರೀಕ್ಷೆಯ ರಾಸಾಯನಿಕವನ್ನೇ ದಾರಿ ತಪ್ಪಿಸಿತ್ತು. ಹಾಗಾಗಿ ಕೂದಲು, ಉಗುರು, ಚರ್ಮಕ್ಕೆ ಅಂತ ಏನೇ ತಗೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿ, ಅದರಲ್ಲಿ ಬಯೋಟಿನ್ ಇದ್ದರೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಡೋಸ್ ಜಾಸ್ತಿ ಇದ್ದರೆ ಇನ್ನೂ ಮುಂಚೆಯೇ.

ಖಾಲಿ ಹೊಟ್ಟೆ ಕಡ್ಡಾಯವಲ್ಲ. ಟಿಎಸ್‌ಎಚ್ ಬೆಳಗ್ಗೆ ಹೆಚ್ಚಿದ್ದು ಮಧ್ಯಾಹ್ನ ಇಳಿಯುತ್ತದೆ, ಅದಕ್ಕೇ ಪ್ರತಿ ಸಲವೂ ಬೆಳಗ್ಗೆ, ಸಾಧ್ಯವಾದಷ್ಟು ಒಂದೇ ಲ್ಯಾಬ್‌ನಲ್ಲಿ ಕೊಡಿ. ಈಗಾಗಲೇ ಥೈರಾಕ್ಸಿನ್ (ಥೈರಾಯ್ಡ್ ಮಂದವಾದವರಿಗೆ ಕೊಡುವ ಟಿ4) ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಟ್ಟ ಮೇಲೆ ಆ ದಿನದ ಮಾತ್ರೆ. ಡೋಸ್ ಬದಲಾದರೆ 6ರಿಂದ 8 ವಾರ ಕಾಯಲೇಬೇಕು, ಹದಿನೈದೇ ದಿನಕ್ಕೆ ಮಾಡಿಸಿದರೆ ದುಡ್ಡು ದಂಡ. ಜೋರು ಜ್ವರದಲ್ಲಿದ್ದಾಗ, ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಾಗ ಸುಮ್ನೆ ಮಾಡಿಸಬೇಡಿ, ಲೆಕ್ಕ ಏರುಪೇರಾಗುತ್ತದೆ.

ಟಿಎಸ್‌ಎಚ್ ಜಾಸ್ತಿ ಬಂದು ಫ್ರೀ ಟಿ4 ಸರಿಯಿದ್ದರೆ ಗಾಬರಿ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ, ಎಷ್ಟೋ ಸಲ ತಾನಾಗಿಯೇ ಇಳಿದಿರುತ್ತದೆ. ಆಗ ಜೊತೆಗೆ ಆಂಟಿ ಟಿಪಿಒ ಅನ್ನುವ ರಕ್ತಪರೀಕ್ಷೆ ಮಾಡಿಸಿ. ದೇಹ ತನ್ನ ಥೈರಾಯ್ಡ್ ಮೇಲೇ ತಿರುಗಿಬಿದ್ದಿದೆಯೇ ಅಂತ ಅದರಲ್ಲಿ ಗೊತ್ತಾಗುತ್ತದೆ. ಒಂದು ಸಲ ಸಾಕು, ಅದನ್ನೇ ವರ್ಷವರ್ಷ ಮಾಡಿಸಬೇಕಿಲ್ಲ. ಟಿಎಸ್‌ಎಚ್ ಕಡಿಮೆ ಬಂದರೆ ಮಾತ್ರ ಟಿ3 ನಿಜವಾಗಿ ಕೆಲಸಕ್ಕೆ ಬರುತ್ತದೆ.

ಬಸುರಿಯರು ರಿಪೋರ್ಟ್‌ನಲ್ಲಿ ಅಚ್ಚಾಗಿರುವ ಮಾಮೂಲಿ ಮಿತಿಗೆ ಹೋಲಿಸಿಕೊಳ್ಳಬೇಡಿ, ನಿಮ್ಮ ಮಿತಿ ಬೇರೆ, ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಇನ್ನು, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಹಾಲು ಬರದೆ, ಮುಟ್ಟೂ ಮರಳದೆ, ಸುಸ್ತು ಹಾಗೇ ಉಳಿದಿದ್ದರೆ ಟಿಎಸ್‌ಎಚ್ ಒಂದನ್ನೇ ನಂಬಬೇಡಿ. ತೊಂದರೆ ಮೆದುಳಿನ ಬುಡದ ಪಿಟ್ಯುಟರಿಯಲ್ಲಿದ್ದರೆ ಟಿಎಸ್‌ಎಚ್ ನಾರ್ಮಲ್ ಅಂತಲೇ ಬರಬಹುದು, ಫ್ರೀ ಟಿ4 ನೋಡಿದಾಗಲೇ ಅದು ಸಿಕ್ಕಿಬೀಳುವುದು.

ಕತ್ತಿನ ಮುಂಭಾಗದಲ್ಲಿ ಗಂಟು ಕೈಗೆ ಸಿಕ್ಕರೆ, ರಕ್ತದ ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ ಡಾಕ್ಟರಿಗೆ ತೋರಿಸಿ ಕತ್ತಿನ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿ.