ಜ್ಯಾಕ್ ಎತ್ತಲಿ, ಸ್ಟ್ಯಾಂಡ್ ಹೊರಲಿ

ಬ್ರೇಕ್ ಪ್ಯಾಡ್ ಹಾಕುವುದು, ಆಯಿಲ್ ಬದಲಾಯಿಸುವುದು ಮನೆಯಲ್ಲೇ ಮಾಡಬಹುದಾದ ಕೆಲಸ. ಆದರೆ ಕೋಲಾರದ ಬೀದಿಗಳಲ್ಲಿ ಆಗಾಗ ಕಾಣುವ ಒಂದು ನೋಟಕ್ಕೆ ನನಗೆ ಎದೆ ಝಲ್ಲೆನ್ನುತ್ತದೆ: ಡಿಕ್ಕಿಯ ಜ್ಯಾಕ್ ಒಂದರ ಮೇಲೆ ಕಾರು, ಅದರ ಕೆಳಗೆ ಮಲಗಿದ ಮನುಷ್ಯ. ಆ ಜ್ಯಾಕ್ ಕೊಟ್ಟಿರುವುದು ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಕೆಳಗೆ ಹೋಗುವುದಿದ್ದರೆ ಎತ್ತಿದ ಕಾರಿನ ಭಾರ ಹೊರಲು ಜ್ಯಾಕ್ ಸ್ಟ್ಯಾಂಡ್, ಅಂದರೆ ಕಾರಿನ ಅಡಿ ಇಡುವ ಕಬ್ಬಿಣದ ಕಾಲುಮಣೆ, ಬೇಕೇ ಬೇಕು.

ಮೊದಲು ಜಾಗ. ಸಮತಟ್ಟಾದ ಕಾಂಕ್ರೀಟ್ ನೆಲವೇ ಆಗಬೇಕು. ನಮ್ಮ ಕೆಂಪು ಮಣ್ಣು ಒಣಗಿದಾಗ ಗಟ್ಟಿ, ಒಂದು ಮಳೆ ಬಿದ್ದರೆ ಸ್ಟ್ಯಾಂಡಿನ ಕಾಲು ಇಳಿಯುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ದಪ್ಪ ಪ್ಲೈವುಡ್ ಹಾಸಿ. ಅಂಗಳಕ್ಕೆ ಕಲ್ಲು ಚಪ್ಪಡಿ ಹಾಕಿದ್ದರೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಬೇಡ.

ಹ್ಯಾಂಡ್‌ಬ್ರೇಕ್ ಎಳೆದು ಗೇರ್ ಹಾಕಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದರೆ ಅದು ಇದ್ದೂ ಇಲ್ಲದಂತೆ. ಹಾಗಾಗಿ ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ. ಚಕ್ರ ಬಿಚ್ಚುವುದಿದ್ದರೆ ನಟ್‌ಗಳನ್ನು ಈಗಲೇ ಸಡಿಲ ಮಾಡಿ.

ಜನ ಎಡವುವುದು ಇದಾದ ಮೇಲೆ. ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚುಗಳ ನಡುವೆ ಜ್ಯಾಕ್ ಇಡುವ ಗಟ್ಟಿ ಜಾಗವಿದೆ. ಸ್ಟ್ಯಾಂಡಿಗೂ ಅದೇ ಜಾಗ ಬೇಕು, ಅಲ್ವಾ? ಅಲ್ಲಿ ಜ್ಯಾಕ್ ಕೂತಿರುವುದರಿಂದ ಸ್ಟ್ಯಾಂಡನ್ನು ಪಕ್ಕದ ತೆಳು ತಗಡಿಗೆ ಕೊಡುತ್ತಾರೆ. ತಗಡು ಮಡಚಿ ಕಾರು ವಾಲುತ್ತದೆ. ಅದಕ್ಕೇ ಗಾಲಿಯಿರುವ ಟ್ರಾಲಿ ಜ್ಯಾಕ್ ತಗೊಳ್ಳಿ. ನಿಮ್ಮ ಕಾರಿನ ಕೈಪಿಡಿ ತೋರಿಸುವ ನಡುವಿನ ಗಟ್ಟಿ ಅಡ್ಡಪಟ್ಟಿಗೆ ಅದನ್ನು ಕೊಟ್ಟು ಎತ್ತಿ, ಎರಡು ಸ್ಟ್ಯಾಂಡ್‌ಗಳನ್ನು ಎರಡೂ ಬದಿಯ ಕಚ್ಚಿನ ಜಾಗಕ್ಕೆ ಇಡಿ. ಆಯಿಲ್ ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ), ಗೇರ್‌ಬಾಕ್ಸ್‌ಗೆ ಜ್ಯಾಕ್ ಕೊಡಲೇಬೇಡಿ. ಎತ್ತುವಾಗ ಕಾರು ಓರೆಯಾಗುತ್ತಾ ಹೋಗುತ್ತದೆ, ಜ್ಯಾಕ್ ಅದರ ಜೊತೆ ಉರುಳಬೇಕು. ಅದರ ಗಾಲಿ ಮಣ್ಣಿನಲ್ಲಿ ಹೂತರೆ ತಲೆ ಜಾರುತ್ತದೆ. ಸ್ಟ್ಯಾಂಡಿನ ತಲೆಗೆ, ಬಾಗಿಲ ಕೆಳಗಿನ ಅಂಚು ಕೂರುವಂತೆ ನಡುವೆ ಸೀಳಿರುವ ರಬ್ಬರ್ ಪ್ಯಾಡ್ ಹಾಕಿದರೆ ಆ ಅಂಚು ಬಾಗುವುದಿಲ್ಲ.

ಈಗ ಜ್ಯಾಕನ್ನು ನಿಧಾನವಾಗಿ ಇಳಿಸಿ, ಭಾರ ಪೂರ್ತಿ ಸ್ಟ್ಯಾಂಡ್ ಮೇಲೆ ಬರಲಿ. ನಾಲ್ಕೂ ಕಾಲು ನೆಲಕ್ಕೆ ತಾಗಿವೆಯಾ ನೋಡಿ. ಹೊರಗೇ ನಿಂತು ಕಾರನ್ನು ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಜ್ಯಾಕನ್ನು ತೆಗೆಯಬೇಡಿ, ಹಗುರವಾಗಿ ತಾಗಿಸಿಯೇ ಬಿಡಿ. ಬಿಚ್ಚಿದ ಚಕ್ರವನ್ನೂ ಬಾಗಿಲ ಕೆಳಗೆ ತಳ್ಳಿಡಿ. ಹೈಡ್ರಾಲಿಕ್ ಜ್ಯಾಕಿನ ಸೀಲ್ ಸವೆದರೆ ಸದ್ದಿಲ್ಲದೆ ಇಳಿಯುತ್ತದೆ, ಅದೊಂದನ್ನೇ ನಂಬಬೇಡಿ.

ಸ್ಟ್ಯಾಂಡ್ ಬದಲು ಹಾಲೋ ಬ್ಲಾಕ್ ಇಡುವವರಿದ್ದಾರೆ. ಒಂದೇ ಕಡೆ ಭಾರ ಬಿದ್ದರೆ ಅದು ತಟ್ಟನೆ ಪುಡಿಯಾಗುತ್ತದೆ. ಸೈಜುಗಲ್ಲು ಗಟ್ಟಿ ನಿಜ, ಆದರೆ ಒಂದರ ಮೇಲೊಂದು ಇಟ್ಟರೆ ನಿಲ್ಲದು, ಕಬ್ಬಿಣ ಅದರ ಮೇಲೆ ಜಾರುತ್ತದೆ. ಚಕ್ರಕ್ಕೆ ಅಡ್ಡ ಕೊಡಲು ಮಾತ್ರ ಬಳಸಿ.

ಸ್ಟ್ಯಾಂಡ್ ಕೊಳ್ಳುವಾಗ ವೆಲ್ಡಿಂಗ್ ನೋಡಿ, ಟನ್ ಲೆಕ್ಕ ಒಂದಕ್ಕೋ ಜೋಡಿಗೋ ಕೇಳಿ. ಎತ್ತರ ಹಿಡಿದು ನಿಲ್ಲಿಸಲು ಹಲ್ಲಿನ ಲಾಕ್ ಇರುವಂಥದ್ದು ಬೇಡ, ಆರುಪಾರು ಪಿನ್ ಹಾಕುವಂಥದ್ದನ್ನೇ ತನ್ನಿ. 2020ರಲ್ಲಿ ಅಮೆರಿಕದ ಉಪಕರಣ ಮಾರಾಟ ಕಂಪನಿ ಹಾರ್ಬರ್ ಫ್ರೈಟ್ ಹಲ್ಲು ಜಾರುವ ದೋಷಕ್ಕೆ ಲಕ್ಷಾಂತರ ಸ್ಟ್ಯಾಂಡ್‌ಗಳನ್ನು ವಾಪಸ್ ಪಡೆಯಬೇಕಾಯಿತು.

ಇಳಿಸುವುದು ಸುಲಭ: ಚಕ್ರ ಹಾಕಿ, ಸ್ವಲ್ಪ ಎತ್ತಿ, ಸ್ಟ್ಯಾಂಡ್ ಎಳೆದು, ಕೆಳಗೆ ಯಾರೂ ಇಲ್ಲವೆಂದು ನೋಡಿ ನಿಧಾನವಾಗಿ ಇಳಿಸಿ. ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಒಂದಿಷ್ಟು ದೂರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.