ಗದಗದ ಒತ್ತಕ್ಷರ ಹುಬ್ಬಳ್ಳಿಯಲ್ಲಿ ನೆಟ್ಟಗೆ ಕಂಡಿದ್ದು: ನನ್ನ ಅನುಭವ

ಗದಗದ ಒಂದು ಪ್ರೆಸ್‌ಗೆ ಡಿಸೈನ್ ಮಾಡುತ್ತೇನೆ, ಮನೆ ಹುಬ್ಬಳ್ಳಿ. ದಿನಾ ಬಸ್ ಹತ್ತಿ ಸಾಕಾಗಿ, ಮನೆಯಿಂದಲೇ ಪ್ರೆಸ್ಸಿನ ಪಿಸಿಗೆ ಕನೆಕ್ಟ್ ಆಗಿ ಕೆಲಸ ಮಾಡ್ತೀನಿ ಅಂದೆ. ಸಾವಕಾರ್ರು ನಕ್ಕರು. "ಕೋರೆಲ್ ಅಷ್ಟು ದೂರದಿಂದ ಓಡೂದಿಲ್ಲ ಬಿಡ್ರಿ, ಸುಮ್ನ ಬಸ್ ಹತ್ರಿ." ಕೋರೆಲ್ ಅಂದರೆ ನಾವು ಕಾರ್ಡ್ ಡಿಸೈನ್ ಮಾಡೋ ಸಾಫ್ಟ್‌ವೇರ್.

ಮೊದಲ ಎರಡು ತಿಂಗಳು ಅವರು ಹೇಳಿದ್ದೇ ಸರಿ ಅನ್ನೋ ಹಾಗಿತ್ತು. ಆಗ ಬಳಸಿದ್ದು ಒಂದು ಉಚಿತ ರಿಮೋಟ್ ಆಪ್. ಅದು ಇಡೀ ಪರದೆಯನ್ನು ವಿಡಿಯೋ ಥರ ಕಳಿಸುತ್ತಿತ್ತು, ಬಣ್ಣದ ಮಾಹಿತಿ ಮಾತ್ರ ಕಾಲು ಭಾಗ. ಬಿಳಿ ಮೇಲೆ ಕಪ್ಪು ಅಕ್ಷರ ಚೆನ್ನಾಗೇ ಕಾಣುತ್ತಿತ್ತು. ಮದುವೆ ಕಾರ್ಡ್ ಅಂದ್ರೆ ಹಳದಿ ಮೇಲೆ ಕೆಂಪು ಅಲ್ವಾ, ಅಲ್ಲಿ ಒತ್ತೆಲ್ಲ ಕಲಸಿಹೋಗುತ್ತಿತ್ತು. 'ಧರ್ಮಪತ್ನಿ' ಇರಬೇಕಾದ ಕಡೆ 'ಧರ್ಮಪತ್ತಿ' ಅಂತ 300 ಕಾರ್ಡ್ ಅಚ್ಚಾಗಿ ಬಂತು. ಸುಮಾರು 2,500 ರೂಪಾಯಿ ನನ್ನ ಜೇಬಿಂದ.

ಆಮೇಲೆ ಆರ್‌ಡಿಪಿಗೆ, ಅಂದರೆ ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್‌ಗೆ ಬಂದೆ. ಅಕ್ಷರ ಸ್ವಚ್ಛ, ಆದರೆ ಜೂಮ್ ಮಾಡಿದರೆ ಪರದೆ ತುಂಡು ತುಂಡಾಗಿ ಬರುತ್ತಿತ್ತು. ಡೇಟಾ ಕಡಿಮೆ ಆಗಲಿ ಅಂತ 16 ಬಿಟ್ ಬಣ್ಣಕ್ಕೆ ಇಳಿಸಿದೆ, ಮೆಲ್ಲಗೆ ಬದಲಾಗೋ ಬಣ್ಣ (ಗ್ರೇಡಿಯಂಟ್) ಎಲ್ಲ ಇಳಕಲ್ ಸೀರೆ ಪಟ್ಟಿ ಆಯಿತು. ಇಂಟರ್ನೆಟ್‌ಗೆ ದೊಡ್ಡ ಪ್ಲಾನ್ ಹಾಕಿಸಿದೆ, ಮೂರು ತಿಂಗಳಿಗೆ 1,500 ಹೆಚ್ಚಿಗೆ ಹೋಯಿತು, ಒಂದು ಕೂದಲೂ ಅಲುಗಲಿಲ್ಲ. ನಡುವೆ ಆರ್‌ಡಿಪಿಯ ಬಾಗಿಲಾದ 3389 ಪೋರ್ಟನ್ನು ಇಂಟರ್ನೆಟ್‌ಗೆ ಸೀದಾ ತೆರೆದಿಟ್ಟ ದಡ್ಡತನವೂ ಆಯಿತು. ವಾರದಲ್ಲಿ ಲಾಗ್ ತುಂಬ ಯಾರ್ಯಾರದೋ ಲಾಗಿನ್ ಪ್ರಯತ್ನ. ಅವತ್ತೇ ಮುಚ್ಚಿ ವೈರ್‌ಗಾರ್ಡ್ ಅನ್ನೋ ವಿಪಿಎನ್ (ನಮಗಷ್ಟೇ ಇರೋ ಗುಪ್ತ ದಾರಿ) ಹಾಕಿದೆ.

ಕೊನೆಗೆ ಕೈ ಹಿಡಿದದ್ದು ಪ್ರೆಸ್ಸಿನ ಪಿಸಿಯ ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್ ಪಟ್ಟಿ) ಸಿಗೋ ಎವಿಸಿ 444, ಅಂದರೆ ಬಣ್ಣ ಕತ್ತರಿಸದೆ ಪರದೆಯನ್ನು ವಿಡಿಯೋ ಥರ ಕಳಿಸೋ ವಿಧಾನ. ಬಣ್ಣ ಪೂರ್ತಿ ಬರುತ್ತದೆ, ಜೂಮೂ ಮೆತ್ತಗೆ ಆಗುತ್ತದೆ. ಆನ್ ಮಾಡಿ ಸುಮ್ಮನಾಗಬೇಡಿ, ವಿಂಡೋಸ್ ಲಾಗ್ ತೋರಿಸೋ ಇವೆಂಟ್ ವ್ಯೂವರ್‌ನಲ್ಲಿ 162ನೇ ನಂಬರಿನ ಇವೆಂಟ್ ನೋಡಿ, ಪ್ರೊಫೈಲ್ 2048 ಇದ್ದರೆ ಮಾತ್ರ ಅದು ನಿಜವಾಗಿ ನಡೆಯುತ್ತಿದೆ. ನನಗೆ ಮೊದಲ ಸಲ ಇರಲಿಲ್ಲ. ಪರದೆ ಸೆಕೆಂಡಿಗೆ 60 ಫ್ರೇಮ್ ಬರಲಿ ಅಂತ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್) ಫ್ರೇಮ್ ಇಂಟರ್ವಲ್ 15 ಇಟ್ಟೂ ನೋಡಿದೆ. ಕಾರ್ಡ್ ಡಿಸೈನಿಗೆ ಯಾಕೆ ಬೇಕು ಅದು? ತೆಗೆದುಹಾಕಿದೆ.

ಆದರೂ ಸಂಜೆ ಆರರ ಸುಮಾರಿಗೆ ಎಲ್ಲ ಹಿಡಿದುಕೊಳ್ಳುತ್ತಿತ್ತು. ಕಾರ್ಡಿನ ಗಣಪತಿ ಚಿತ್ರ ಎಳೆದರೆ ಮೌಸ್ ಮುಂದೆ, ಗಣಪತಿ ಹಿಂದೆ. ಒಂದಿನ ಪಿಂಗ್ (ಸಂದೇಶ ಹೋಗಿ ಬರೋ ಸಮಯದ ಅಳತೆ) ಬಿಟ್ಟು ಕೂತೆ: 15 ಮಿಲಿಸೆಕೆಂಡ್ ಇದ್ದದ್ದು ಒಮ್ಮೆಲೇ 600. ಫೋನ್ ಮಾಡಿದರೆ, ಪ್ರೆಸ್ಸಿನ ಹುಡುಗರು ಅಚ್ಚಿನ ಪ್ಲೇಟ್ ಮಾಡಿಸೋಕೆ ಪಿಡಿಎಫ್ ಕಳಿಸ್ತಾ ಇದ್ದರು! ಅಪ್‌ಲೋಡ್ ತುಂಬಿ, ನನ್ನ ಪರದೆ ಅದರ ಹಿಂದೆ ಪಾಳಿ ಹಚ್ಚುತ್ತಿತ್ತು. ಪ್ಲಾನ್ ಎಷ್ಟು ದೊಡ್ಡದಿದ್ದರೇನು. 900ಕ್ಕೆ ಒಂದು ಹಳೇ ರೂಟರ್ ಪ್ರೆಸ್ಸಿಗೆ ತಂದು, ಓಪನ್‌ಡಬ್ಲ್ಯುಆರ್‌ಟಿ (ರೂಟರಿನ ಉಚಿತ ಸಾಫ್ಟ್‌ವೇರ್) ಹಾಕಿ, ಅದರ ಎಸ್‌ಕ್ಯೂಎಂನಲ್ಲಿ (ಡೇಟಾದ ಪಾಳಿ ನೋಡಿಕೊಳ್ಳೋ ಭಾಗ) ಕೇಕ್ ಅನ್ನೋ ವಿಧಾನ ಕೂರಿಸಿ, ಅಪ್‌ಲೋಡನ್ನು ಲೈನಿನ 85-90 ಪರ್ಸೆಂಟಿಗೆ ಕಟ್ಟಿದೆ. ಈಗ ಪಿಡಿಎಫ್ ಹೋಗುವಾಗಲೂ ಪಿಂಗ್ 30ರ ಆಸುಪಾಸು. ಅಪ್‌ಲೋಡಿಗೆ ನಾನಿಟ್ಟ ನಿಖರ ಅಂಕಿ ಮತ್ತು ಕೋರೆಲ್ ಒಳಗೆ ಬದಲಿಸಿದ ಒಂದು ಸೆಟ್ಟಿಂಗ್ ಮಾತ್ರ ಹೇಳಲ್ಲ, ಹೊಟ್ಟೆಪಾಡು.

ಒಂದು ತಮಾಷೆ. ನಾನು ಒಳಗಿದ್ದಾಗ ಪ್ರೆಸ್ಸಿನಲ್ಲಿ ಆ ಪಿಸಿ ಲಾಕ್ ಆಗಿಯೇ ಕಾಣುತ್ತದೆ. ಯಾರೂ ಕೂತಿಲ್ಲ ಅಂತ ಒಬ್ಬ ಹುಡುಗ ಬಟನ್ ಒತ್ತಿ ಆರಿಸಿಬಿಟ್ಟ, ಸೇವ್ ಮಾಡದ ಕ್ಯಾಲೆಂಡರ್ ಹೋಯಿತು. ಈಗ ಬಟನ್ ಮೇಲೆ ಸಾವಕಾರ್ರೇ ಚೀಟಿ ಅಂಟಿಸಿದ್ದಾರೆ: "ಮುಟ್ಟಬ್ಯಾಡ್ರಿ, ಒಳಗ ಮಂದಿ ಅದಾರ."